ಹಾಜರಿ ಶೇಕಡಾ ನೂರು

ಮಧುಕರನಿಗೆ ಒಂಬತ್ತು ತಿಂಗಳಿಂದ ಕೆಲಸವಿರಲಿಲ್ಲ. ಇಲ್ಲವೆಂದು ಹೇಳುವ ಧೈರ್ಯ ಹುಟ್ಟಿದಾಗಿನಿಂದಲೇ ಇರಲಿಲ್ಲ.

ಮಿಲ್ಪಿಟಾಸಿನ ಒಂದು ಕಂಪನಿಯಲ್ಲಿ ಅವನು ಹದಿನಾಲ್ಕು ವರ್ಷ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸಿದ್ದ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಆ ಕೆಲಸ. ಒಂದು ಶುಕ್ರವಾರ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಸೋಮವಾರ ತಪ್ಪು ಹುಡುಕುವವರು ಬೇಡವೆಂದಿತು. ಅಂದಿನಿಂದ ಯಾರು ಕೇಳಿದರೂ ಮಧುಕರ "ವರ್ಕ್ ಫ್ರಮ್ ಹೋಮು" ಎನ್ನುತ್ತಿದ್ದ. ಪೂರ್ತಿ ಸುಳ್ಳೇನಲ್ಲ. ಹೋಮು ಇತ್ತು.

ಹೆಂಡತಿಯ ಹೆಸರು ಇಂದು. ಸ್ಯಾನ್ ಹೊಸೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದಳು. ಅವಳು ಬೆಳಿಗ್ಗೆ ಆರೂವರೆಗೆ ಕಾರು ತೆಗೆದರೆ ಮನೆ, ಒಂಬತ್ತು ವರ್ಷದ ಮಗಳು ಸಂಯುಕ್ತಾ, ಕುಕ್ಕರಿನ ಸೀಟಿ, ಎಲ್ಲವೂ ಮಧುಕರನ ಪಾಲಿಗೆ. ಪಕ್ಕದ ಟೌನ್‌ಹೌಸಿನಲ್ಲಿ ಮೈಸೂರಿನ ಮಜೀದಾ, ಅವಳ ಗಂಡ ಇನಾಯತುಲ್ಲಾ, ನಾಲ್ಕು ವರ್ಷದ ಮಗ ಜೈದ್, ಒಂದೂವರೆ ವರ್ಷದ ಮಗಳು ಅಲ್ಫಿಯಾ. ಒಂದು ದಿನ ಮಜೀದಾಳಿಗೆ ಮೀಟಿಂಗು ಮುಗಿಯಲಿಲ್ಲ, ಅಲ್ಫಿಯಾಳ ಅಳು ನಿಲ್ಲಲಿಲ್ಲ. ಬೇಲಿಯ ಮೇಲಿಂದ ಮಗುವನ್ನು ದಾಟಿಸಿದಳು. ಮಧುಕರ ಅದನ್ನು ಹೆಗಲಿಗೆ ಹಾಕಿಕೊಂಡು ನಿಂತ. ಮಗು ಏಳು ನಿಮಿಷದಲ್ಲಿ ಮಲಗಿತು. ಮಾರನೆಯ ದಿನವೂ ಏಳು ನಿಮಿಷ. ಸಂಯುಕ್ತಾ ಫೋನಿನಲ್ಲಿ ಟೈಮರ್ ಇಟ್ಟು ನೋಡಿದಳು. ಪಾರ್ಕಿನಲ್ಲಿ ಸಿಕ್ಕ ಒಂದು ಅಪರಿಚಿತ ಚೀನೀ ಕೂಸಿಗೂ ಏಳೇ.

"ಮಧು ಭಾಯ್, ಇವಳು ನನ್ನ ಹತ್ರ ಮಲಗೋಕೆ ಎರಡು ಗಂಟೆ ತಗೋತಾಳೆ. ನೀವೇನು ಮಾಡ್ತೀರಿ?" ಎಂದು ಮಜೀದಾ ಕೇಳಿದಳು.

"ಏನೂ ಮಾಡಲ್ಲ. ನಿಂತ್ಕೋತೀನಿ."

"ಅದನ್ನೇ ಬಿಸಿನೆಸ್ಸು ಮಾಡಿ. ಆಗಸ್ಟ್ ಒಂದರಿಂದ ನಮ್ಮ ಆಫೀಸಲ್ಲಿ ವಾರಕ್ಕೆ ಐದು ದಿನ ಬರ್ಬೇಕು ಅಂತಿದ್ದಾರೆ. ನಮ್ಮ ಮಕ್ಕಳಿಬ್ರನ್ನ ನೀವೇ ನೋಡ್ಕೊಳ್ಳಿ. ನನ್ನ ಫ್ರೆಂಡ್ಸೂ ಇಬ್ರು ಕಾಯ್ತಿದ್ದಾರೆ. ಆದ್ರೆ ಲೈಸೆನ್ಸ್ ತಗೊಳ್ಳಿ."

ಈ ಊರಿನ ಕಾನೂನು ಸರಳ. ನಿಮ್ಮ ಮನೆಯಲ್ಲಿ ಇನ್ನೊಂದು ಮನೆಯ ಮಕ್ಕಳನ್ನು ನೋಡಿಕೊಂಡರೆ ನೀವು ನೆರೆಯವರು. ಎರಡು ಮನೆಯವರನ್ನು ನೋಡಿಕೊಂಡರೆ ನೀವು ವ್ಯವಹಾರಸ್ಥರು, ಅದಕ್ಕೆ ಲೈಸೆನ್ಸ್ ಬೇಕು. ಮಧುಕರ ಅರ್ಜಿ ಹಾಕಿದ. ಆನ್‌ಲೈನಿನಲ್ಲಿ ಪಾಠ ಕೇಳಿದ. ಪ್ಲಾಸ್ಟಿಕ್ ಮಗುವಿನ ಎದೆಯನ್ನು ಎರಡು ಬೆರಳಿನಿಂದ ಒತ್ತಿ ಬದುಕಿಸಿದ. ಕ್ಷಯ ಇಲ್ಲವೆಂದು ಬರೆಸಿಕೊಂಡು ಬಂದ, ಬೆರಳಚ್ಚು ಕೊಟ್ಟ. ಅಡುಗೆಮನೆಯ ಪ್ರತಿ ಡ್ರಾಯರಿಗೂ ಮಕ್ಕಳು ತೆರೆಯದ ಬೀಗ ಜೋಡಿಸಿದ. ಅದನ್ನು ಒಂದು ಅಯಸ್ಕಾಂತ ಹಿಡಿದೇ ತೆರೆಯಬೇಕು. ಆ ಅಯಸ್ಕಾಂತ ಸಿಗದೆ ಇಂದು ಎರಡು ದಿನ ಒಗ್ಗರಣೆಯಿಲ್ಲದ ಸಾರು ಮಾಡಿದಳು. ಇನ್ನು ಉಳಿದದ್ದು ಇನ್‌ಸ್ಪೆಕ್ಷನ್ ಒಂದೇ.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮಧುಕರನಿಗೆ ಚೆನ್ನಾಗಿ ಬರುವ ಕೆಲಸವೊಂದು ಸಿಗುವುದರಲ್ಲಿತ್ತು. ಅದರ ಹೆಸರನ್ನು ಬಾಯಿಬಿಟ್ಟು ಹೇಳಲು ಮಾತ್ರ ಅವನಿಗೆ ನಾಚಿಕೆ.

ಆ ಹೊತ್ತಿಗೆ ಸರಿಯಾಗಿ ಮಾವ ಬಂದರು.

ಇಂದುವಿನ ತಂದೆ ಸಂಗನಬಸಪ್ಪನವರು ವಿಜಯಪುರ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು, ಅದರಲ್ಲಿ ಹತ್ತೊಂಬತ್ತು ವರ್ಷ ಹೆಡ್‌ಮಾಸ್ತರರು. ಅತ್ತೆಯವರು ತಮ್ಮ ಸೊಸೆಯ ಬಾಣಂತನಕ್ಕೆ ಸಿಂದಗಿಯಲ್ಲೇ ನಿಂತದ್ದರಿಂದ ಮೂರು ತಿಂಗಳ ಮಟ್ಟಿಗೆ ಒಬ್ಬರೇ ಬಂದಿದ್ದರು. ಒಂದು ವಾರ ಏನೂ ಕೇಳಲಿಲ್ಲ. ಎಂಟನೆಯ ದಿನ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಕೇಳಿದರು.

"ಅಳಿಯಾವ್ರ, ಮುಂಜಾನಿಂದ ಸಂಜಿ ತನಕ ಮನಿಯಾಗ ಇರ್ತೀರಿ. ನಿಮ್ಮ ಆಫೀಸ್ ಎಲ್ಲಿ ಅದ?"

"ಆಫೀಸು ಬಿಟ್ಟೆ ಮಾವ. ಸ್ವಂತದ್ದು ಶುರು ಮಾಡ್ತಿದ್ದೀನಿ."

"ಏನ್ ಸ್ವಂತದ್ದು?"

ಡೈಪರು, ಒರೆಸುವ ಬಟ್ಟೆ, ಜೊಲ್ಲು, ಹಾಲಿನ ಬಾಟಲಿ, ಇವೆಲ್ಲ ಮಧುಕರನ ಕಣ್ಣ ಮುಂದೆ ಸಾಲಾಗಿ ನಿಂತವು. ಎದುರಿಗೆ ಮಡಿಕೆ ಹಾಕಿದ ಧೋತರ, ಜೇಬಿನಲ್ಲಿ ಎರಡು ಪೆನ್ನು, ನೀಲಿ ಒಂದು, ಕೆಂಪು ಒಂದು.

"ಒಂದು... ಸ್ಕೂಲು," ಎಂದ.

ಇಂದುವಿನ ಸೌಟು ಪಾತ್ರೆಯೊಳಗೇ ನಿಂತಿತು.

"ಸಾಲಿ ಏನ್ರಿ?"

"ಚಿಕ್ಕದು ಮಾವ. ತುಂಬಾ ಚಿಕ್ಕ ಮಕ್ಕಳದ್ದು."

ಇಷ್ಟು ಸೇರಿಸಿದ್ದರಿಂದ ತಾನು ನಿಜ ಹೇಳಿದಂತಾಯಿತೆಂದು ಮಧುಕರ ನಂಬಿದ. ಸಂಗನಬಸಪ್ಪನವರು ರೊಟ್ಟಿ ಬಿಟ್ಟು ಎದ್ದು ಹೋಗಿ ಕೈ ತೊಳೆದು, ಒರೆಸಿಕೊಂಡು, ಬಂದು ಅಳಿಯನ ಕೈ ಕುಲುಕಿದರು. ಮದುವೆಯಾಗಿ ಹನ್ನೆರಡು ವರ್ಷ, ಅವರು ಅವನನ್ನು "ಅಳಿಯಾವ್ರ" ಎಂದು ಕರೆಯುತ್ತಿದ್ದದ್ದು ಪಡಿತರ ಪಟ್ಟಿಯಲ್ಲಿ ಹೆಸರು ಓದಿದ ಹಾಗಿರುತ್ತಿತ್ತು. ಈಗ ಮತ್ತೆ ಊಟಕ್ಕೆ ಕೂತು ಅಂದರು:

"ಹೆಡ್‌ಮಾಸ್ತರ್ರ, ಇನ್ನೊಂದ್ ರೊಟ್ಟಿ ಹಾಕ್ಕೋರಿ."

ಮಧುಕರ ಮೂರು ರೊಟ್ಟಿ ಹಾಕಿಕೊಂಡ.

ಪಾತ್ರೆ ತೊಳೆಯುವಾಗ ಇಂದು ನಲ್ಲಿಯ ಸದ್ದಿನ ಮರೆಯಲ್ಲಿ ಕೇಳಿದಳು. "ಅಪ್ಪಂಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಲೈಸೆನ್ಸ್ ಬಂದ್ಮೇಲೆ ಹೇಳ್ತೀನಿ. ಆಗ ಕೈಯಲ್ಲಿ ಒಂದು ಕಾಗದ ಇರುತ್ತೆ."

"ಕಾಗದದಲ್ಲಿ ಸ್ಕೂಲು ಅಂತ ಬರ್ದಿರುತ್ತಾ?"

"ಇಂಗ್ಲಿಷಲ್ಲಿರುತ್ತೆ."

"ಅಪ್ಪಂಗೆ ಇಂಗ್ಲಿಷ್ ಬರುತ್ತೆ, ಮಧು."

ಮಧುಕರ ಕಸ ಹೊರಗಿಡಲು ಹೋದ.

ಮನೆಯಲ್ಲಿ ಇರುವ ವಯಸ್ಕರೆಲ್ಲ ಬೆರಳಚ್ಚು ಕೊಡಬೇಕೆಂಬ ನಿಯಮವಿತ್ತು, ಮೂರು ತಿಂಗಳಿಗೆಂದು ಬಂದವರೂ ಸೇರಿ. ಅದನ್ನು ಮಾವನಿಗೆ ಹೇಳಲು ಮಧುಕರ ನಾಲ್ಕು ದಿನ ತೆಗೆದುಕೊಂಡ. ಹೇಳಿದ ಮೇಲೆ ಸಂಗನಬಸಪ್ಪನವರು ಪೇಪರು ಮಡಚಿದರು.

"ಹೆಬ್ಬೆಟ್ಟ ಏನ್ರಿ?"

"ಹತ್ತೂ ಬೆರಳು ಮಾವ."

"ಮೂವತ್ನಾಲ್ಕು ವರ್ಷ ಮಂದಿಗೆ ಸಹಿ ಮಾಡೂದು ಕಲಿಸೀನಿ. ಹೆಬ್ಬೆಟ್ಟ ಒತ್ತೋ ಊರಾಗ ಒಂದ್ ಹೆಬ್ಬೆಟ್ಟ ಉಳೀದಂಗ ಮಾಡೀನಿ. ನನಗ ಒತ್ತು ಅಂತೀರಿ?"

"ಇಲ್ಲಿ ಎಲ್ಲರೂ ಕೊಡ್ತಾರೆ ಮಾವ. ನಾನೂ ಕೊಟ್ಟೆ."

"ನೀವು ಇಂಜಿನಿಯರು. ನಿಮಗ ನಡೀತದ."

ಮಧುಕರ ಫಾರಮಿನ ಆ ಸಾಲನ್ನು ಖಾಲಿ ಬಿಟ್ಟ. ಮಾವನ ಮರ್ಯಾದೆ ಉಳಿಯಿತು, ಫಾರಮಿನದು ಹೋಯಿತು.

ಟೌನ್‌ಹೌಸುಗಳ ಹಿಂದೆ ಒಂದು ಪಾರ್ಕಿದೆ. ಮಕ್ಕಳ ಮನೆಗೆ ಬಂದ ಹಿರಿಯರು ಸಂಜೆ ಅಲ್ಲಿ ಎರಡು ಬೆಂಚು ತುಂಬಿ ಕೂರುತ್ತಾರೆ. ಅಳಿಯ ಶಾಲೆ ತೆಗೆಯುವ ಸುದ್ದಿ ಸಂಗನಬಸಪ್ಪನವರ ಬಾಯಿಂದ ಮೊದಲ ಬೆಂಚಿಗೆ ಬಿತ್ತು. ಎರಡನೆಯ ಬೆಂಚಿಗೆ ಹೋಗುವಷ್ಟರಲ್ಲಿ ಅದಕ್ಕೆ ಕಟ್ಟಡವಿತ್ತು. ಮಾರನೆಯ ಬೆಳಿಗ್ಗೆ ಮೈಸೂರಿನ ವೆಂಕಟಾಚಲ ಎಂಬ ನಿವೃತ್ತ ಗುಮಾಸ್ತರು, ವಾಕಿಂಗ್ ಶೂ ಹಾಕಿಕೊಂಡೇ ಬಾಗಿಲಿಗೆ ಬಂದರು.

"ನಮ್ಮ ಮೊಮ್ಮಕ್ಕಳಿಬ್ಬರಿಗೆ ಸೀಟು ಬೇಕಿತ್ತಲ್ಲ. ಎಂಟನೇ ಕ್ಲಾಸಿನವರೆಗೂ ಇದೆಯಂತೆ?"

"ಸದ್ಯಕ್ಕೆ ಇಲ್ಲ ಸರ್," ಎಂದ ಮಧುಕರ.

ಇಲ್ಲ ಎಂದಿದ್ದರೆ ಸಾಕಿತ್ತು. ಆ 'ಸದ್ಯಕ್ಕೆ' ಎಂಬುದನ್ನು ಯಾಕೆ ಸೇರಿಸಿದನೋ ಅವನಿಗೇ ಗೊತ್ತಿಲ್ಲ.

"ಸಂಸ್ಕೃತ ಇಟ್ಟಿದ್ದೀರಾ?"

"ಯೋಚನೆ ಇದೆ."

"ಇಡಿ, ಇಡಿ. ಇಲ್ಲಿ ಮಕ್ಕಳಿಗೆ ಒಂದು ಶ್ಲೋಕ ಬರಲ್ಲ. ನಮ್ಮ ಸೊಸೆಗೂ ಬರಲ್ಲ. ಅವಳ ಅಪ್ಪ ಪುರೋಹಿತರು."

ಅದೇ ವಾರ ಇಂಡಿಯನ್ ಗ್ರೋಸರಿಯಲ್ಲಿ ಯಾರೋ ತೊಗರಿಬೇಳೆಯ ಸಾಲಿನಿಂದ "ಪ್ರಿನ್ಸಿಪಾಲ್ರೇ" ಎಂದು ಕೂಗಿದರು. ಮಧುಕರ ತಿರುಗಿ ನೋಡಿದ. ಅವನ ಮೇಲೆ ಹೊರಿಸಬಹುದಾದ ಅಪರಾಧಗಳಲ್ಲಿ ಇದು ದೊಡ್ಡದು: ತಿರುಗಿ ನೋಡಿದ.

ಜುಲೈ ಎರಡನೆಯ ವಾರ ಪತ್ರ ಬಂತು. ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಲೈಸೆನ್ಸಿಂಗ್ ಆಫೀಸಿನಿಂದ ಇನ್‌ಸ್ಪೆಕ್ಷನ್. ಪತ್ರ ನೋಡಿದ ಸಂಗನಬಸಪ್ಪನವರ ಬೆನ್ನು ನೆಟ್ಟಗಾಯಿತು. ಒಂದು ತಿಂಗಳಿಂದ ಈ ದೇಶದಲ್ಲಿ ಟಿವಿ ರಿಮೋಟು ಹಿಡಿಯಲೂ ಮೊಮ್ಮಗಳ ಸಹಾಯ ಬೇಡುತ್ತಿದ್ದವರಿಗೆ, ತಮಗೆ ಗೊತ್ತಿರುವ ಒಂದು ಸಂಗತಿ ಕೊನೆಗೂ ಎದುರಾಗಿತ್ತು.

"ಮೂವತ್ತೊಂದು ಇನ್‌ಸ್ಪೆಕ್ಷನ್ ಕಂಡೀನಿ ಹೆಡ್‌ಮಾಸ್ತರ್ರ. ಒಂದ್ರಾಗೂ ಫೇಲ್ ಆಗಿಲ್ಲ. ಅವ್ರು ಮೂರು ನೋಡ್ತಾರ. ಹಾಜರಿ, ರಿಜಿಸ್ಟರು, ಮರ್ಯಾದಿ."

"ಪಾಠ ನೋಡಲ್ವಾ ಮಾವ?"

"ಪಾಠ ಯಾರ್ ನೋಡ್ತಾರ್ರಿ? ಒಮ್ಮಿ ನಮ್ಮ ಸಾಲ್ಯಾಗ ನಲವತ್ತು ಹುಡುಗ್ರು ಕಮ್ಮಿ ಇದ್ರು. ಬಾಜೂ ಊರಿಂದ ನಾ ಟ್ರ್ಯಾಕ್ಟರ್ ತುಂಬ ತರಿಸಿದ್ಯಾ. ಮುಂದಿನ ವಾರ ಅವ್ರ ಇನ್‌ಸ್ಪೆಕ್ಷನ್ನಿಗೆ ನಮ್ಮವ್ರನ್ನ ಕಳಿಸಿದ್ಯಾ. ಅದಕ್ಕ ಸಹಕಾರ ಅಂತಾರ."

ಮಧುಕರ ನಕ್ಕ. ಮನಸ್ಸು ಬಿಚ್ಚಿ ನಕ್ಕ. ಆಮೇಲೆ ಎಷ್ಟೋ ದಿನ ಆ ನಗುವನ್ನು ನೆನೆದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

"ನಿಮ್ಮ ಸಾಲಿಗೆ ಎಷ್ಟ್ ಹುಡುಗ್ರು ಮಂಜೂರು?"

"ಆರು ಮಾವ."

"ಈಗ ಎಷ್ಟ್ ಅದಾರ?"

"ಈಗ ಯಾರೂ ಇರೋ ಹಾಗಿಲ್ಲ."

ಸಂಗನಬಸಪ್ಪನವರು ಅಳಿಯನ ಮುಖವನ್ನು ನೋಡಿದರು. ಒಂದೂ ಮಗುವಿಲ್ಲದ ಶಾಲೆಯ ಹೆಡ್‌ಮಾಸ್ತರನ ಅವಮಾನ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬೆನ್ನ ಮೇಲೆ ಕೈಯಿಟ್ಟರು.

"ತಿಳೀತು. ತಲಿ ಕೆಡಿಸ್ಕೋಬ್ಯಾಡ್ರಿ. ನಾ ಅದೀನಿ."

ಯಾವ ವಿಷಯಕ್ಕೆ ಎಂದು ತಿಳಿಯದಿದ್ದರೂ ಮಧುಕರನಿಗೆ ಹಗುರವೆನಿಸಿತು. ಮುಂದಿನ ಮೂರು ದಿನ ತಾತ ಮೊಮ್ಮಗಳಿಬ್ಬರೂ ಊಟದ ಮೇಜಿನ ಮೇಲೆ ದಪ್ಪ ಪುಸ್ತಕ, ಅಡಿಪಟ್ಟಿ, ಪೆನ್ನು ಹರಡಿಕೊಂಡು ಕೂತಿರುತ್ತಿದ್ದರು. ಏನು ನಡೆದಿದೆ ಎಂದು ಕೇಳಿದಾಗ "ದುಂಡಗ ಬರಿಯೂದು ಕಲಿಸ್ಲಿಕತ್ತೀನಿ" ಎಂಬ ಉತ್ತರ ಬಂತು. ರಜೆಯಲ್ಲಿ ಮಗಳು ಐಪ್ಯಾಡ್ ಬಿಟ್ಟು ಕೂತದ್ದೇ ಪುಣ್ಯವೆಂದು ಮಧುಕರ ಸುಮ್ಮನಾದ.

ಗುರುವಾರ ಇಂದು ಹೊರಡುವಾಗ ಒಂದೇ ಮಾತು ಹೇಳಿದಳು. "ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನ್ನದೇನೂ ಸೇರಿಸ್ಬೇಡ."

ಎಂಟೂವರೆಗೆಲ್ಲ ಮನೆ ಸಿದ್ಧವಾಗಿತ್ತು. ಔಷಧಿಗೆ ಬೀಗ, ಚಾಕುವಿಗೆ ಬೀಗ, ಫಿನಾಯಿಲಿಗೆ ಬೀಗ, ಮೆಟ್ಟಿಲಿಗೆ ಗೇಟು. ಮಧುಕರ ಕೊನೆಯದಾಗಿ ಸ್ಮೋಕ್ ಅಲಾರ್ಮಿನ ಗುಂಡಿ ಒತ್ತಿದ. ಅದು ಕೂಗಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಕೂಗು ಸ್ವಲ್ಪ ಒಡಕಾಗಿದೆ ಎನಿಸಿತು. ಹದಿನಾಲ್ಕು ವರ್ಷದ ಅಭ್ಯಾಸ. ಸ್ಕ್ರೂಡ್ರೈವರ್ ತಂದು ಬಿಚ್ಚಿದ, ಒಳಗಿನ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದ, ತಪ್ಪು ಹುಡುಕಿದ, ಸಿಕ್ಕಿತು, ಸರಿಪಡಿಸಿದ. ಆಮೇಲೆ ಅದು ಕೂಗಲೇ ಇಲ್ಲ.

"ಮಾವ, ಅರ್ಧ ಗಂಟೆಯಲ್ಲಿ ಹೊಸದು ತಂದುಬಿಡ್ತೀನಿ."

"ಹೋಗಿ ಬರ್ರಿ. ಇಲ್ಲೀದು ನಾ ನೋಡ್ಕೋತೀನಿ," ಎಂದರು ಸಂಗನಬಸಪ್ಪನವರು. ಅವರು ಇಸ್ತ್ರಿ ಮಾಡಿದ ಕೋಟು ಹಾಕಿದ್ದರು. ಮಧುಕರ ಅದನ್ನು ಗಮನಿಸಲಿಲ್ಲ.

ವಾಪಸು ಬರುವಾಗ ಫ್ರೀವೇ ಮಧ್ಯೆ ಯಾರದೋ ಟ್ರಕ್ಕಿನಿಂದ ಬಿದ್ದ ಹಾಸಿಗೆಯೊಂದು ಮಲಗಿತ್ತು. ಅದರ ಹಿಂದೆ ನಾಲ್ಕು ಸಾಲು ಕಾರುಗಳು. ಮನೆ ಮುಟ್ಟಿದಾಗ ಹತ್ತು ಹನ್ನೆರಡು. ಸರ್ಕಾರಿ ನಂಬರಿನ ಬಿಳಿ ಕಾರು ನಿಂತಿತ್ತು. ಬಾಗಿಲಿಗೆ ಹಿತ್ತಲ ನಿಂಬೆಗಿಡದ ಎಲೆಗಳ ತೋರಣ. ಮೆಟ್ಟಿಲ ಮೇಲೆ ರಂಗೋಲಿ. ರಂಗೋಲಿಯ ಪಕ್ಕ ಪುಟ್ಟ ಪುಟ್ಟ ಚಪ್ಪಲಿ, ಶೂಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಹನ್ನೊಂದು ಜೊತೆ.

ಗ್ಯಾರೇಜಿನಲ್ಲಿ ಮಡಚುವ ಕುರ್ಚಿಗಳ ಮೇಲೆ ಪಾರ್ಕಿನ ಮೂವರು ಹಿರಿಯರು ಚಹಾ ಕುಡಿಯುತ್ತಿದ್ದರು. ವೆಂಕಟಾಚಲ ಎದ್ದು ನಿಂತರು.

"ಬನ್ನಿ ಪ್ರಿನ್ಸಿಪಾಲ್ರೇ. ನಾವು ಶಾಲಾಭಿವೃದ್ಧಿ ಸಮಿತಿ. ನಾನು ಅಧ್ಯಕ್ಷ."

"ಯಾವಾಗಿಂದ ಸರ್?"

"ಒಂಬತ್ತು ಗಂಟೆಯಿಂದ."

ಒಳಗೆ ಹಾಲಿನಲ್ಲಿ ಜಮಖಾನ ಹಾಸಿತ್ತು. ಅದರ ಮೇಲೆ ಒಂದೂವರೆಯಿಂದ ಹತ್ತು ವರ್ಷದವರೆಗಿನ ಹನ್ನೊಂದು ಮಕ್ಕಳು ಕೈಕಟ್ಟಿ ಕೂತು ಸ್ವಾಗತ ಗೀತೆಯ ಕೊನೆಯ ಸಾಲನ್ನು ಗೊಣಗುತ್ತಿದ್ದರು. ಅರ್ಧ ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ, ಉಳಿದರ್ಧಕ್ಕೆ ರಾಗ ಬರುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಜೈದ್. ಸಂಯುಕ್ತಾ ಅಲ್ಫಿಯಾಳನ್ನು ತೊಡೆಯ ಮೇಲಿಟ್ಟುಕೊಂಡು ಮಾನಿಟರಿನ ಜಾಗದಲ್ಲಿ ಕೂತಿದ್ದಳು. ನಡುವೆ ಇನ್‌ಸ್ಪೆಕ್ಟರ್ ಡೆಲ್ಗಾಡೊ ನಿಂತಿದ್ದಳು. ಐವತ್ತರ ಹೆಂಗಸು, ಬಲಗೈಯಲ್ಲಿ ಟ್ಯಾಬ್ಲೆಟ್ಟು, ಎಡಗೈಯಲ್ಲಿ ತೆಂಗಿನಕಾಯಿ, ಹೆಗಲ ಮೇಲೆ ಜರಿಯಂಚಿನ ಶಾಲು.

ಅವಳೊಂದಿಗಿನ ಮಾತುಗಳೆಲ್ಲ ಇಂಗ್ಲಿಷಿನಲ್ಲಿ ನಡೆದವು. ಸಂಗನಬಸಪ್ಪನವರ ಇಂಗ್ಲಿಷು ಇನ್‌ಸ್ಪೆಕ್ಟರುಗಳಿಗೆಂದೇ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಇಂಗ್ಲಿಷು.

"ಮಾನ್ಯ ಮೇಡಂ ಅವರಲ್ಲಿ ನಿವೇದನೆ," ಎಂದರು. "ದಾಖಲಾತಿ ಹನ್ನೊಂದು. ಹಾಜರಿ ಹನ್ನೊಂದು. ಶೇಕಡಾ ನೂರು. ಇವರೇ ನಮ್ಮ ಮುಖ್ಯೋಪಾಧ್ಯಾಯರು."

ಡೆಲ್ಗಾಡೊ ಮಧುಕರನತ್ತ ತಿರುಗಿದಳು. "ಇದು ಎಷ್ಟು ಮನೆಯ ಮಕ್ಕಳು?"

ಮಧುಕರ ಬಾಯಿ ತೆರೆಯುವ ಮೊದಲೇ ಮಾವ ಎರಡೂ ಕೈಯಿಂದ ರಿಜಿಸ್ಟರನ್ನು ಒಪ್ಪಿಸಿದರು. ಹಿಡಿದುಕೊಳ್ಳಲು ಅವಳು ತೆಂಗಿನಕಾಯಿಯನ್ನು ಕೆಳಗಿಡಬೇಕಾಯಿತು.

ಆ ರಿಜಿಸ್ಟರು ನಿಜಕ್ಕೂ ಚೆನ್ನಾಗಿತ್ತು. ಮೇ ತಿಂಗಳಿಂದ ನಿನ್ನೆಯವರೆಗೆ ಒಂದು ದಿನವೂ ಬಿಟ್ಟಿರಲಿಲ್ಲ. ಭಾನುವಾರಗಳಿಗೆ ಕೆಂಪು ಗೆರೆ, ಶನಿವಾರ ಅರ್ಧ ದಿನ. ಮೇ ಒಂದಕ್ಕೆ ಕಾರ್ಮಿಕರ ದಿನದ ರಜೆ, ಬಕ್ರೀದಿಗೆ ರಜೆ, ಈ ದೇಶಕ್ಕೆಲ್ಲ ರಜೆಯಿರುವ ಜುಲೈ ನಾಲ್ಕಕ್ಕೆ ಪೂರ್ಣ ಹಾಜರಿ. ನಂಬಿಕೆ ಹುಟ್ಟಲೆಂದು ಅಲ್ಲಲ್ಲಿ ಗೈರುಹಾಜರಿ, ಕಾರಣ ಸಹಿತ. ಪ್ರತಿ ದಿನದ ಕೆಳಗೂ ಸಂಗನಬಸಪ್ಪನವರ ಸಹಿ. ಮೇ ತಿಂಗಳಲ್ಲಿ ಅವರು ಸಿಂದಗಿಯಲ್ಲಿದ್ದರು.

"ಮೂರು ತಿಂಗಳಿಂದ ನಡೆಸುತ್ತಿದ್ದೀರಾ?" ಎಂದಳು ಡೆಲ್ಗಾಡೊ.

"ಜೂನ್ ತಿಂಗಳನ್ನು ದಯವಿಟ್ಟು ಅವಲೋಕಿಸಬೇಕು," ಎಂದರು ಮಾವ. "ಜೂನ್ ಅತ್ಯುತ್ತಮವಾಗಿದೆ."

"ಜುಲೈ ನಾಲ್ಕಕ್ಕೂ ಹನ್ನೊಂದು ಮಕ್ಕಳು?"

"ಒಬ್ಬರೂ ತಪ್ಪಿಸಿಕೊಂಡಿಲ್ಲ ಮೇಡಂ."

ಡೆಲ್ಗಾಡೊ ಪುಸ್ತಕ ಮುಚ್ಚಿದಳು. "ಮಿಸ್ಟರ್ ಮಧುಕರ್, ಈ ಪುಸ್ತಕ ನಿಜವೇ?"

ನಿಜ ಎಂದರೆ ಅವನು ಮೂರು ತಿಂಗಳು ಲೈಸೆನ್ಸಿಲ್ಲದೆ ಹನ್ನೊಂದು ಮಕ್ಕಳನ್ನು ಇಟ್ಟುಕೊಂಡವನು. ಸುಳ್ಳು ಎಂದರೆ ಕೋಟು ಹಾಕಿ ಕೈಮುಗಿದು ನಿಂತ ಮಾವ, 'ಶಾಲಾಭಿವೃದ್ಧಿ ಸಮಿತಿ'ಯ ಮುಂದೆ, ಸುಳ್ಳು ದಾಖಲೆ ಬರೆದವರು. ಮಧುಕರ ಎರಡನ್ನೂ ಹೇಳಲಿಲ್ಲ. ಕೈಯಲ್ಲಿದ್ದ ಡಬ್ಬಿ ಎತ್ತಿ ತೋರಿಸಿದ.

"ಸ್ಮೋಕ್ ಅಲಾರ್ಮ್ ತಂದಿದ್ದೀನಿ," ಎಂದ.

ಆಗ ಸಂಯುಕ್ತಾ ಕೈ ಎತ್ತಿದಳು. ಅವಳಿಗೆ ಆ ಮೂರು ದಿನದಲ್ಲಿ ಅದನ್ನೂ ಕಲಿಸಲಾಗಿತ್ತು.

"ಇವರೆಲ್ಲ ಇವತ್ತು ಬೆಳಿಗ್ಗೆ ಬಂದದ್ದು. ಅಜ್ಜ ಎಲ್ಲರ ಮನೆಗೂ ಹೋಗಿ ಕೇಳ್ಕೊಂಡು ಬಂದ್ರು. ಚಾಕೊಲೇಟ್ ಕೊಡ್ತೀನಿ ಅಂದಿದ್ದಾರೆ. ಪುಸ್ತಕ ನಾವಿಬ್ರೂ ಬರೆದ್ವಿ. ನೀಲಿ ಪೆನ್ನಿನ ದಿನಗಳು ನನ್ನವು." ಸ್ವಲ್ಪ ತಡೆದು ಸೇರಿಸಿದಳು: "ಮೇ ಪೂರ್ತಿ ನಂದು."

ಮಗಳೂ ಅಪ್ಪನ ಹಾಗೆಯೇ ಒಂದು ಮಾತು ಹೆಚ್ಚು ಸೇರಿಸುವವಳು.

ಡೆಲ್ಗಾಡೊ ಟ್ಯಾಬ್ಲೆಟ್ಟಿನಲ್ಲಿ ಬಹಳ ಹೊತ್ತು ಬರೆದಳು. ಅಷ್ಟರಲ್ಲಿ ಮೀಟಿಂಗಿನ ಮಧ್ಯೆ ಎದ್ದು, ಕಿವಿಯಲ್ಲಿ ಇಯರ್‌ಫೋನ್ ಹಾಗೇ ಇಟ್ಟುಕೊಂಡು ಮಜೀದಾ ಬಂದಳು. "ಅಂಕಲ್ ಹತ್ತು ನಿಮಿಷ ಅಂದ್ರಲ್ಲ, ಒಂದು ಗಂಟೆ ಆಯ್ತು" ಎನ್ನುತ್ತಾ ಒಳಗೆ ಬಂದವಳು, ಇನ್‌ಸ್ಪೆಕ್ಟರ್ ಮತ್ತೆ ತೆರೆದಿದ್ದ ಪುಟಕ್ಕೆ ಇಣುಕಿದಳು.

"ಮಧು ಭಾಯ್, ಅಲ್ಫಿಯಾ ಜೂನ್ ಹನ್ನೆರಡರಿಂದ ಹದಿನಾಲ್ಕು, ಜ್ವರ. ಇವಳಿಗೆ ಯಾವಾಗ ಜ್ವರ ಬಂತು?"

"ಬಂದಿಲ್ಲ ಮಜೀದಾ."

"ಮತ್ತೆ ಬರೆದಿದೆ?"

"ಸಹಜವಾಗಿ ಕಾಣ್ಲಿ ಅಂತ," ಎಂದರು ಸಂಗನಬಸಪ್ಪನವರು.

ತನ್ನ ಹೆಸರು ಕೇಳಿಸಿತೋ ಏನೋ, ಅಲ್ಫಿಯಾ ಅಳತೊಡಗಿದಳು. ಅವಳನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು. ಗ್ಯಾರೇಜಿನಿಂದ ಸಮಿತಿ ಒಳಕ್ಕೆ ಓಡಿ ಬಂತು. ಹತ್ತು ವರ್ಷದವನೊಬ್ಬ ಚಾಕೊಲೇಟು ಎಲ್ಲಿ ಎಂದು ಕೇಳಿದ. ಆ ಗಲಾಟೆಯಲ್ಲಿ ಮಧುಕರ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಅಲ್ಫಿಯಾಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಗೋಡೆಯ ಪಕ್ಕ ನಿಂತ.

ಡೆಲ್ಗಾಡೊ ಬರೆಯುವುದನ್ನು ನಿಲ್ಲಿಸಿ ನೋಡಿದಳು. ಕೂಸಿನ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಅವಳು ಗಡಿಯಾರ ನೋಡಿದಳು. ಮಗು ಪೂರ್ತಿ ಮಲಗುವವರೆಗೂ ಕಾದು, ಹತ್ತಿರ ಬಂದು, ಎಚ್ಚರವಾಗದಂತೆ ಪಿಸುಮಾತಿನಲ್ಲಿ ತೀರ್ಪು ಹೇಳಿದಳು.

"ಇವತ್ತು ನಾನು ನೋಡಬೇಕಾಗಿದ್ದದ್ದು ಒಂದು ಖಾಲಿ ಮನೆ. ಬೀಗ ಹಾಕಿದ ಔಷಧಿ, ಮೆಟ್ಟಿಲಿಗೆ ಗೇಟು, ಕೂಗುವ ಅಲಾರ್ಮು. ಅಷ್ಟೇ. ಅದರ ಬದಲು ಏಳು ಮನೆಯ ಮಕ್ಕಳು, ಒಂದು ಸುಳ್ಳು ದಾಖಲೆ, ಬೆರಳಚ್ಚು ಕೊಡದ ಒಬ್ಬರು ವಯಸ್ಕರು ಸಿಕ್ಕಿದ್ದಾರೆ. ಅಲಾರ್ಮು ಡಬ್ಬಿಯಲ್ಲಿದೆ. ಅರ್ಜಿ ತಿರಸ್ಕೃತವಾಗುತ್ತದೆ. ಒಂದು ವರ್ಷ ಮತ್ತೆ ಹಾಕುವ ಹಾಗಿಲ್ಲ."

ಮಧುಕರ ತಲೆಯಾಡಿಸಿದ. ಜೋರಾಗಿ ಆಡಿಸಿದರೆ ಮಗು ಏಳುತ್ತದೆಂದು ನಿಧಾನವಾಗಿ ಆಡಿಸಿದ.

"ಏಳು ನಿಮಿಷ," ಎಂದಳು ಡೆಲ್ಗಾಡೊ. "ಇಪ್ಪತ್ತು ವರ್ಷದಲ್ಲಿ ಹೀಗೆ ಮಲಗಿಸುವವರನ್ನು ನಾನು ಇಬ್ಬರನ್ನೋ ಮೂವರನ್ನೋ ನೋಡಿದ್ದೇನೆ. ಈ ಫಾರಮಿನಲ್ಲಿ ಅದನ್ನು ಬರೆಯಲು ಜಾಗವಿಲ್ಲ."

"ಮೇಡಮ್ಮಾರು ಯಾಕ ಪಿಸುಗುಡ್ಲಿಕತ್ತಾರ?" ಎಂದು ಮಾವ ಕನ್ನಡದಲ್ಲಿ ಕೇಳಿದರು. "ಎ ಗ್ರೇಡ್ ಕೊಟ್ರೇನು?"

ಡೆಲ್ಗಾಡೊ ಶಾಲನ್ನು ನೀಟಾಗಿ ಮಡಚಿ ಸೋಫಾದ ಮೇಲಿಟ್ಟಳು, ಅದರ ಮೇಲೆ ತೆಂಗಿನಕಾಯಿ. ರಿಜಿಸ್ಟರನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಸಂಗನಬಸಪ್ಪನವರು ಕಾರಿನವರೆಗೂ ಹೋಗಿ ಬೀಳ್ಕೊಟ್ಟರು.

ಅಜ್ಜ ಅಜ್ಜಿಯರು ಬಂದು ತಮ್ಮ ತಮ್ಮ ಮಕ್ಕಳನ್ನು, ಚಪ್ಪಲಿಗಳನ್ನು ಹುಡುಕಿಕೊಂಡು ಹೊರಟರು. ಮಜೀದಾ ಅಲ್ಫಿಯಾಳನ್ನು ಅವನ ಹೆಗಲಿನಿಂದ ಬಿಡಿಸಿಕೊಂಡಳು.

"ಏನಾಯ್ತು ಪ್ರಿನ್ಸಿಪಾಲ್ರೇ?" ಎಂದರು ವೆಂಕಟಾಚಲ.

"ಆಗ್ಲಿಲ್ಲ ಸರ್."

"ನಾನು ಮೊದಲೇ ಹೇಳ್ದೆ. ಸಂಸ್ಕೃತ ಇಟ್ಟಿದ್ರೆ ಆಗ್ತಿತ್ತು."

ಮನೆ ಖಾಲಿಯಾಯಿತು. ಡೆಲ್ಗಾಡೊ ನೋಡಬೇಕಾಗಿದ್ದಷ್ಟೇ ಖಾಲಿ. ಮಧುಕರ ಊಟದ ಮೇಜಿಗೆ ಬಂದು ಮಾವನ ಎದುರಿಗೆ ಕೂತ.

"ಪಾಸಾಗ್ಲಿಲ್ಲ ಮಾವ."

"ಯಾಕ? ಏನ್ ಕಮ್ಮಿ ಬಿತ್ತು?"

"ಹಾಜರಿ ಜಾಸ್ತಿ ಆಯ್ತು."

ಮೂವತ್ತನಾಲ್ಕು ವರ್ಷದಲ್ಲಿ ಇಂಥ ಕಾರಣವನ್ನು ಸಂಗನಬಸಪ್ಪನವರು ಕೇಳಿರಲಿಲ್ಲ. ಅಳಿಯ ತಮಾಷೆ ಮಾಡುತ್ತಿದ್ದಾನೆಂದು ಕಾದರು. ಮಧುಕರ ಮೇಜಿನ ಮೇಲಿನ ಅಡಿಪಟ್ಟಿ ನೋಡುತ್ತಾ ಹೇಳಿದ.

"ಇದು ಸ್ಕೂಲಲ್ಲ ಮಾವ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಕೂಸುಗಳನ್ನ ಮನೇಲಿಟ್ಕೊಂಡು ನೋಡ್ಕೊಳ್ಳೋದು. ಹಾಲು ಕುಡಿಸೋದು, ಡೈಪರ್ ಬದಲಾಯಿಸೋದು, ಮಲಗಿಸೋದು. ನನ್ನ ಕೆಲಸ ಹೋಗಿ ಒಂಬತ್ತು ತಿಂಗಳಾಯ್ತು. ನಿಮ್ಮ ಹತ್ರ ಹೇಳೋಕೆ ನಾಚಿಕೆ ಆಯ್ತು."

ಮಾವ ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು. ಸಕ್ಕರೆಗೆ ಡ್ರಾಯರು ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಮಧುಕರ ಎದ್ದು ಅಯಸ್ಕಾಂತ ಹಿಡಿದು ತೆಗೆದುಕೊಟ್ಟ.

"ಇಷ್ಟ್ ದಿನ ನನ್ನ ಶುಗರಿನ ಸಲುವಾಗಿ ಬೀಗ ಹಾಕೀರಿ ಅಂತ ನಾ ತಿಳ್ಕೊಂಡಿದ್ಯಾ," ಎಂದರು. "ಅಳಿಯಗ ಎಷ್ಟ್ ಕಾಳಜಿ ಅಂತ ಊರಿಗೂ ಫೋನ್ ಮಾಡಿ ಹೇಳಿದ್ಯಾ."

ನೀರು ಕುದಿಯಿತು.

"ಮೊದ್ಲ ಹೇಳಿದ್ರ ನಾ ಒಂದ್ ಕೂಸೂ ತರ್ತಿದ್ದಿಲ್ಲ."

"ಗೊತ್ತು ಮಾವ."

"ಆ ಇನ್‌ಸ್ಪೆಕ್ಟರ್ ಬಾಯಿ ರಿಜಿಸ್ಟರ್ ಒಯ್ದಳು. ಅದ್ರಾಗ ಎಲ್ಲಾ ಕಡಿ ನನ್ನ ಸಹಿ ಅದ." ಚಹಾಪುಡಿ ಹಾಕಿದರು. "ಹೆಬ್ಬೆಟ್ಟ ಒತ್ತಿದ್ರ ಚಲೋ ಇತ್ತು."

ಸಂಜೆ ಬಂದ ಇಂದು, ಸೋಫಾದ ಮೇಲಿನ ಶಾಲು, ಕಾಯಿ ನೋಡಿ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಕೊನೆಗೆ ಕೇಳಿದ್ದು ಒಂದೇ. "ಅಪ್ಪಂಗೆ ಹೇಳಿದ್ಯಾ?"

"ಹೇಳ್ದೆ."

"ಯಾವಾಗ?"

"ಎಲ್ಲ ಮುಗಿದ್ಮೇಲೆ."

ಎರಡು ದಿನ ಬಿಟ್ಟು ಮಜೀದಾ ಬೇಲಿಯ ಹತ್ತಿರ ಬಂದಳು. "ನನಗೇನೂ ಇಲ್ಲ ಮಧು ಭಾಯ್. ಒಂದೇ ಮನೆಯ ಮಕ್ಕಳಿಗೆ ಲೈಸೆನ್ಸ್ ಬೇಡ ಅಂತಾನೂ ಗೊತ್ತು. ಇವರು ಒಪ್ತಿಲ್ಲ. ಬರದೇ ಇರೋ ಜ್ವರ ಬರೆಯೋ ಮನೇಲಿ, ಬಂದ ಜ್ವರ ಹೇಳ್ತಾರಾ ಅಂತಾರೆ. ಮೌಂಟನ್ ವ್ಯೂನಲ್ಲಿ ನನ್ನ ಆಫೀಸಿನ ಪಕ್ಕ ಒಂದು ಡೇಕೇರ್ ಸಿಕ್ತು." ಅವಳ ಹೆಗಲ ಮೇಲೆ ಅಲ್ಫಿಯಾ ಅಳುತ್ತಿದ್ದಳು. ಮಧುಕರ ಕೈ ಚಾಚಲಿಲ್ಲ. ಮಜೀದಾ ಮಗುವನ್ನು ದಾಟಿಸಲಿಲ್ಲ.

ಸಂಗನಬಸಪ್ಪನವರು ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದರು. ಸಂಜೆ ಹಿತ್ತಲಲ್ಲಿ ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದರು. ತಿರಸ್ಕಾರದ ಪತ್ರ ಬಂದ ದಿನ ಅದನ್ನು ಅವರೇ ಅಂಚೆಪೆಟ್ಟಿಗೆಯಿಂದ ತಂದು, ಒಡೆಯದೆ, ಮೇಜಿನ ಮೇಲಿಟ್ಟರು.

"ಅಳಿಯಾವ್ರ," ಎಂದರು, "ನಿಮ್ಮ ಹೆಸರಿಗೆ ಬಂದದ."

ಕಳೆದದ್ದು ಇಷ್ಟು. ಅರ್ಜಿ ಒಂದು. ಮತ್ತೆ ಅರ್ಜಿ ಹಾಕಲು ಕಾಯಬೇಕಾದ ವರ್ಷ ಒಂದು. ನೋಡಿಕೊಳ್ಳುತ್ತಿದ್ದ ಮಕ್ಕಳು ಎರಡು, ಬರಲಿದ್ದವು ಎರಡು. ಸ್ಮೋಕ್ ಅಲಾರ್ಮು ಒಂದು, ಹಳೆಯದು. ಹಾಜರಿ ಪುಸ್ತಕ ಒಂದು, ಅದರೊಳಗೆ ಸಹಿ ಅರವತ್ತನಾಲ್ಕು. ಶಾಲು ಮತ್ತು ತೆಂಗಿನಕಾಯಿ ವಾಪಸು ಬಂದಿದ್ದರಿಂದ ಲೆಕ್ಕಕ್ಕಿಲ್ಲ. ಹೆಡ್‌ಮಾಸ್ತರ್ರ ಎಂಬ ಕರೆ ಒಂದು.